ದೂರದ ಬಂದರಿನ ಕಲ್ಲಿದ್ದಲು ವ್ಯಾಪಾರಿಯ ಚರಿತ್ರೆ ಬರೆಯುವ ಬಗೆ

ಬೇರೆ ನಾಡಿನಿಂದ ಬಂದು ನೆಲೆನಿಂತ ವ್ಯಾಪಾರಿಯೊಬ್ಬನ ಚರಿತ್ರೆಯನ್ನು ಬರೆಯಲು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆತನ ಹುಟ್ಟು, ಮದುವೆ, ಮಕ್ಕಳು, ಮನೆ, ಸಾವು ಇವುಗಳನ್ನು ಸಾಲಾಗಿ ಜೋಡಿಸಿ, ನಡುವೆ ‘ಆತನು ವ್ಯಾಪಾರದಲ್ಲಿ ಬಹಳ ಏಳಿಗೆ ಹೊಂದಿದನು’ ಎಂಬ ಒಂದು ವಾಕ್ಯವನ್ನು ಇಟ್ಟು ಮುಗಿಸಿಬಿಡುತ್ತಾರೆ. ಬರೆಯಬೇಕಾದ ಚರಿತ್ರೆಯೆಲ್ಲ ಆ ಒಂದು ವಾಕ್ಯದೊಳಗೇ ಅಡಗಿರುತ್ತದೆ. ಆತ ಏನನ್ನು ಮಾರಿದ, ಯಾರಿಂದ ಕೊಂಡ, ಸರಕು ಯಾವ ದಾರಿಯಲ್ಲಿ ಬಂತು, ತೂಕ ಹಾಕಿದವರು ಯಾರು, ತಡವಾದರೆ ನಷ್ಟ ಯಾರ ತಲೆಯ ಮೇಲೆ ಬಿತ್ತು ಎಂಬುದು ತಿಳಿಯದೆ ವ್ಯಾಪಾರಿಯ ಬದುಕು ತಿಳಿಯುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ಕಿರುಪ್ರಬಂಧ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತಿದ್ದೇನೆ.

ಉದಾಹರಣೆಗೆ ಒಬ್ಬನನ್ನೇ ಹಿಡಿದು ಹೋಗುತ್ತೇನೆ. ಹರಾಲ್ಡ್ ಡಾಲ್ ಎಂಬಾತ 1863ರಲ್ಲಿ ನಾರ್ವೆಯ ಸಾರ್ಪ್ಸ್‌ಬೊರ್ಗ್ ಎಂಬ ಊರಿನಲ್ಲಿ ಹುಟ್ಟಿದ. ಬಾಲ್ಯದಲ್ಲಿಯೇ ಎಡಗೈಯನ್ನು ಕಳೆದುಕೊಂಡ ಈತ ಊರು ಬಿಟ್ಟು, ಕೊನೆಗೆ ಬ್ರಿಟನ್ನಿನ ವೇಲ್ಸ್ ನಾಡಿನ ಕಾರ್ಡಿಫ್ ಬಂದರಿಗೆ ಬಂದು, ಲುಡ್ವಿಗ್ ಓಡ್ನೆಸೆನ್ ಎಂಬ ಇನ್ನೊಬ್ಬ ನಾರ್ವೆಯವನ ಪಾಲುದಾರಿಕೆಯಲ್ಲಿ ಹಡಗು ದಲಾಲಿಯ ಮತ್ತು ಕಲ್ಲಿದ್ದಲಿನ ವ್ಯವಹಾರ ನಡೆಸಿದ. 1920ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತ ಸಿರಿವಂತನಾಗಿದ್ದ. ಜಗತ್ತಿನ ಮಕ್ಕಳೆಲ್ಲ ಬಲ್ಲ ಕಥೆಗಾರ ರೋಲ್ಡ್ ಡಾಲ್ ಈತನ ಮಗ. ಮಗನ ಹೆಸರು ದೊಡ್ಡದಾಗಿರುವುದರಿಂದಲೇ ತಂದೆಯ ವ್ಯಾಪಾರವನ್ನು ಯಾರೂ ನಿಂತು ನೋಡದೆ ದಾಟಿಹೋಗುತ್ತಾರೆ. ನಾವು ಅಲ್ಲಿಯೇ ನಿಲ್ಲಬೇಕು.

ಮೊದಲು ಗಂಜ್ ಪೇಟೆಗೆ ಹೋಗಿ

ಕಡಲನ್ನೇ ಕಾಣದ ಕಲಬುರಗಿಯಲ್ಲಿ ಕುಳಿತು ಬಂದರಿನ ವ್ಯಾಪಾರದ ಬಗ್ಗೆ ಬರೆಯುವುದು ಹೇಗೆ ಎಂಬ ಅಳುಕು ಬೇಡ. ಪುಸ್ತಕ ತೆರೆಯುವ ಮೊದಲು ತೊಗರಿಯ ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ನೆಹರೂ ಗಂಜ್ ಎಂಬ ಧಾನ್ಯದ ಪೇಟೆಗೆ ಹೋಗಿ, ಪರಿಚಯವಿರುವ ಯಾವುದಾದರೂ ಅಡತಿ ಅಂಗಡಿಯಲ್ಲಿ ಅರ್ಧ ದಿನ ಸುಮ್ಮನೆ ಕುಳಿತುಕೊಳ್ಳಿ. ಆಳಂದದಿಂದಲೋ ಜೇವರ್ಗಿಯಿಂದಲೋ ತೊಗರಿ ತಂದ ರೈತನಿಗೆ ಅಡತಿಯವರು ಚೀಲ ಇಳಿಸಲು ಹಮಾಲರನ್ನು ಕರೆಸುತ್ತಾರೆ, ತೂಕ ಮಾಡಿಸುತ್ತಾರೆ, ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಒಳ್ಳೆಯ ಬೆಲೆ ಬರುವಂತೆ ನೋಡಿಕೊಳ್ಳುತ್ತಾರೆ, ಕೈಗೆ ಹಣ ಕೊಡುತ್ತಾರೆ, ಕೆಲವೊಮ್ಮೆ ಬಿತ್ತನೆಯ ಕಾಲಕ್ಕೇ ಮುಂಗಡವನ್ನೂ ಕೊಟ್ಟಿರುತ್ತಾರೆ. ತೊಗರಿ ಅವರದಲ್ಲ, ದಾಲ್ ಮಿಲ್ಲೂ ಅವರದಲ್ಲ. ಇಬ್ಬರ ನಡುವೆ ನಿಂತು, ಇಬ್ಬರ ನಂಬಿಕೆಯನ್ನೂ ಉಳಿಸಿಕೊಂಡು, ದಲಾಲಿ ಪಡೆಯುವುದು ಅವರ ಕಸುಬು.

ಹಡಗು ದಲಾಲಿಯ ಕಸುಬೂ ಇದೇ. ಕಾರ್ಡಿಫ್‌ಗೆ ಬಂದ ನಾರ್ವೆಯ ಹಡಗಿನ ಕಪ್ತಾನನಿಗೆ ಆ ಊರಿನಲ್ಲಿ ಯಾರ ಪರಿಚಯವೂ ಇರುತ್ತಿರಲಿಲ್ಲ. ಬಂದರಿನ ಸುಂಕ ಕಟ್ಟಬೇಕು, ಕಸ್ಟಮ್ಸ್ ಕಾಗದಗಳನ್ನು ಮುಗಿಸಬೇಕು, ಹಗ್ಗ, ಎಣ್ಣೆ, ಬಣ್ಣ, ಹಿಟ್ಟು, ಮಾಂಸ, ಕುಡಿಯುವ ನೀರು ತುಂಬಿಸಿಕೊಳ್ಳಬೇಕು, ಓಡಿಹೋದ ನಾವಿಕನ ಜಾಗಕ್ಕೆ ಬೇರೆಯವನನ್ನು ಹುಡುಕಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಖಾಲಿ ಹೋಗದಂತೆ ಹಡಗಿಗೆ ಸರಕು ಸಿಗಬೇಕು. ಇವನ್ನೆಲ್ಲ ತನ್ನದೇ ಭಾಷೆಯಲ್ಲಿ ಮಾತಾಡಿ ಮುಗಿಸಿಕೊಡುವ ಒಬ್ಬ ಮನುಷ್ಯ ದಂಡೆಯಲ್ಲಿದ್ದರೆ ಕಪ್ತಾನನಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ. ವಲಸೆ ಬಂದವನ ಭಾಷೆಯೇ ಆತನ ಬಂಡವಾಳವಾದದ್ದು ಹೀಗೆ. ಗಂಜಿನಲ್ಲಿ ಅರ್ಧ ದಿನ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಭಾಷೆಯನ್ನೂ ಇಲ್ಲಿಂದಲೇ ಕಲಿಯಬಹುದು. ಹಡಗಿಗೆ ಸರಕು ಏರಿಸಿದಾಗ ಕಪ್ತಾನ ಸಹಿ ಮಾಡಿ ಕೊಡುವ ರಸೀದಿ ನಮ್ಮ ಲಾರಿಯ ಅಥವಾ ರೈಲಿನ ಬಿಲ್ಟಿಯ ಹಿರಿಯಣ್ಣ; ಅದನ್ನು ಕೈಯಲ್ಲಿ ಹಿಡಿದವನಿಗೆ ಸರಕಿನ ಮೇಲೆ ಹಕ್ಕು ಇರುತ್ತದೆ. ಇಡೀ ಹಡಗನ್ನು ಒಂದು ಪ್ರಯಾಣಕ್ಕೋ ಇಂತಿಷ್ಟು ಕಾಲಕ್ಕೋ ಬಾಡಿಗೆಗೆ ಗೊತ್ತುಮಾಡುವ ಕರಾರಿಗೆ ಚಾರ್ಟರ್ ಪಾರ್ಟಿ ಎನ್ನುತ್ತಾರೆ. ಆ ಕರಾರಿನಲ್ಲಿ ಸರಕು ತುಂಬಲು ಇಷ್ಟು ದಿನ ಎಂದು ಬರೆದಿರುತ್ತದೆ, ಮೀರಿದರೆ ದಿನಕ್ಕೆ ಇಷ್ಟು ಹಣವೆಂದು ಡೆಮರೇಜ್ ಬೀಳುತ್ತದೆ. ವಾಡಿಯಲ್ಲೋ ಶಹಾಬಾದಿನಲ್ಲೋ ರೈಲ್ವೆ ಗೂಡ್ಸ್ ಶೆಡ್ಡಿನ ವ್ಯವಹಾರ ಬಲ್ಲವರನ್ನು ಕೇಳಿ ನೋಡಿ. ವ್ಯಾಗನ್ನನ್ನು ಕೊಟ್ಟ ಗಂಟೆಗಳೊಳಗೆ ಖಾಲಿ ಮಾಡದಿದ್ದರೆ ಬೀಳುವ ಡೆಮರೇಜ್ ಎಂಥದೆಂದು ಅವರು ನಿಮಗೆ ಮರೆಯದಂತೆ ತಿಳಿಸುತ್ತಾರೆ.

ಆಮೇಲೆ ಸರಕಿನ ಹಿಂದೆ ನಡೆಯಿರಿ

ವ್ಯಾಪಾರಿಯನ್ನು ಬದಿಗಿಟ್ಟು ಸರಕು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಒಂದು ನಕ್ಷೆಯ ಮೇಲೆ ಬೆರಳಿಟ್ಟು ಗುರುತಿಸುವುದು ಎರಡನೆಯ ಕೆಲಸ. 1801ರ ಜನಗಣತಿಯಲ್ಲಿ ಕಾರ್ಡಿಫ್ ಎರಡು ಸಾವಿರ ಜನರೂ ಇಲ್ಲದ ಪುಟ್ಟ ಪೇಟೆ. 1901ರಲ್ಲಿ ಅಲ್ಲಿ 1,60,000ಕ್ಕೂ ಹೆಚ್ಚು ಜನರಿದ್ದರು. ಆ ನೂರು ವರ್ಷಗಳಲ್ಲಿ ನಡೆದದ್ದು ಇಷ್ಟು: ಬ್ಯೂಟ್ ಮನೆತನದ ಜಮೀನ್ದಾರ 1839ರಲ್ಲಿ ಅಲ್ಲಿ ಮೊದಲ ದೊಡ್ಡ ಹಡಗುಕಟ್ಟೆಯನ್ನು ತೆರೆಸಿದ, 1841ರ ಹೊತ್ತಿಗೆ ಟಾಫ್ ವೇಲ್ ರೈಲುದಾರಿ ಮೆರ್ಥಿರ್ ಊರಿನ ಕಣಿವೆಯಿಂದ ಬಂದರಿನವರೆಗೆ ಮುಗಿಯಿತು, ಕಣಿವೆಗಳ ಗಣಿಗಳಿಂದ ಕಲ್ಲಿದ್ದಲು ಇಳಿಜಾರಿನಲ್ಲಿ ಹರಿದು ಬಂತು. ಅಲ್ಲಿಯ ಕಲ್ಲಿದ್ದಲು ಕಡಿಮೆ ಹೊಗೆ ಬಿಟ್ಟು ಹೆಚ್ಚು ಶಾಖ ಕೊಡುವ ಜಾತಿಯದಾಗಿದ್ದರಿಂದ ಉಗಿಹಡಗುಗಳಿಗೆ, ಅದರಲ್ಲೂ ಯುದ್ಧನೌಕೆಗಳಿಗೆ, ಅದೇ ಬೇಕಾಗಿತ್ತು. 1913ರಲ್ಲಿ ಕಾರ್ಡಿಫ್ ಕಟ್ಟೆಗಳಿಂದ ಒಂದು ಕೋಟಿ ಟನ್ನಿಗೂ ಮೀರಿ ಕಲ್ಲಿದ್ದಲು ಹೊರಟಿತು. ಪಕ್ಕದ ಬ್ಯಾರಿ ಬಂದರು ಆ ವರ್ಷ ಅದನ್ನೂ ಮೀರಿಸಿತ್ತು.

ಇಲ್ಲಿ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ: ನಾರ್ವೆಯ ಹಡಗುಗಳೇ ಅಷ್ಟು ಸಂಖ್ಯೆಯಲ್ಲಿ ಅಲ್ಲಿಗೆ ಏಕೆ ಬಂದವು? ಉತ್ತರ ಗಣಿಯ ಒಳಗಿದೆ. ಸುರಂಗದ ಚಾವಣಿ ಕುಸಿಯದಂತೆ ಆಸರೆಗೆ ಮರದ ಕಂಬಗಳು ಬೇಕು. ಗಣಿ ಆಳವಾದಷ್ಟೂ ಕಂಬಗಳು ಹೆಚ್ಚು ಬೇಕು. ನಾರ್ವೆ, ಬಾಲ್ಟಿಕ್ ತೀರ ಮತ್ತು ಫ್ರಾನ್ಸಿನ ಕಾಡುಗಳಿಂದ ಆ ಕಂಬಗಳು ಹಡಗಿನಲ್ಲಿ ಬಂದವು, ಅದೇ ಹಡಗುಗಳು ಹಿಂದಿರುಗುವಾಗ ಕಲ್ಲಿದ್ದಲು ಹೊತ್ತವು. ಬರುವಾಗಲೂ ಹೋಗುವಾಗಲೂ ಬಾಡಿಗೆ ಸಿಗುವ ದಾರಿಯನ್ನು ಯಾವ ಹಡಗಿನ ಮಾಲೀಕ ಬಿಡುತ್ತಾನೆ? ಇದಕ್ಕೆ ಹಿನ್ನೆಲೆಯಾಗಿ, ಬ್ರಿಟನ್ ತನ್ನ ಹಳೆಯ ನೌಕಾಯಾನ ಕಾಯಿದೆಗಳನ್ನು 1849ರಲ್ಲಿ ರದ್ದು ಮಾಡಿ ಪರದೇಶದ ಹಡಗುಗಳಿಗೆ ತನ್ನ ವ್ಯಾಪಾರವನ್ನು ತೆರೆದದ್ದನ್ನೂ ಬರೆಯಬೇಕು. 1868ರಲ್ಲಿ ಕಾರ್ಡಿಫ್ ಕಟ್ಟೆಗಳ ನಡುವೆ ನಾರ್ವೆಯ ನಾವಿಕರಿಗಾಗಿಯೇ ಒಂದು ಚರ್ಚ್ ಎದ್ದಿತು. ನಾವಿಕರು ಅಲ್ಲಿ ಪ್ರಾರ್ಥನೆಗೆ ಮಾತ್ರವಲ್ಲ, ತಮ್ಮೂರಿನ ಪತ್ರಿಕೆ ಓದಲು, ಕಾಗದ ಬರೆಯಲು, ತಮ್ಮ ಮಾತಿನವರ ಜೊತೆ ಕುಳಿತುಕೊಳ್ಳಲು ಬರುತ್ತಿದ್ದರು. ಹರಾಲ್ಡನ ಮಗನ ದೀಕ್ಷಾಸ್ನಾನ ನಡೆದದ್ದು ಅಲ್ಲಿಯೇ. ಪರವೂರಿನಲ್ಲಿ ಒಂದು ಸಮುದಾಯ ಎಷ್ಟು ಬೇರೂರಿದೆ ಎಂಬುದನ್ನು ತಿಳಿಯಲು ಅಂಗಡಿಗಳಿಗಿಂತ ಮೊದಲು ಪ್ರಾರ್ಥನೆಯ ಜಾಗ ಹುಡುಕಬೇಕು ಎಂಬುದು ನನ್ನ ಅನುಭವ. ನಮ್ಮಲ್ಲಿ ಬಂದು ನೆಲೆಸಿದ ಮಾರವಾಡಿ, ಗುಜರಾತಿ ವ್ಯಾಪಾರಿಗಳ ವಿಷಯದಲ್ಲೂ ಈ ಕ್ರಮ ಸಹಾಯ ಮಾಡುತ್ತದೆ.

ಕಡಲಿನ ಸ್ವಭಾವವನ್ನೂ ಬಿಡಬಾರದು. ಕಾರ್ಡಿಫ್ ಇರುವ ಬ್ರಿಸ್ಟಲ್ ಚಾನೆಲ್‌ನಲ್ಲಿ ಉಬ್ಬರವಿಳಿತದ ಏರಿಳಿತ ಜಗತ್ತಿನಲ್ಲಿಯೇ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ಇಳಿತದ ಹೊತ್ತಿನಲ್ಲಿ ಬಂದರಿನ ಮುಂದೆ ಬರೀ ಕೆಸರು ಕಾಣುತ್ತಿತ್ತು. ಆದ್ದರಿಂದ ಹಡಗುಗಳು ನೀರೇರಿದಾಗ ಮಾತ್ರ ಕಟ್ಟೆಯ ಬಾಗಿಲನ್ನು ದಾಟಿ ಒಳಗೆ ಬರಬೇಕು, ಹೊರಗೆ ಹೋಗಬೇಕು. ಉಬ್ಬರ ದಿನಕ್ಕೆ ಎರಡೇ ಸಲ. ಒಂದು ಉಬ್ಬರ ತಪ್ಪಿದರೆ ಸುಮಾರು ಹನ್ನೆರಡು ಗಂಟೆ ಕಾಯಬೇಕು, ಅಷ್ಟು ಹೊತ್ತಿನ ಖರ್ಚು ಮಾಲೀಕನ ಮೇಲೆ. ಕಲ್ಲಿದ್ದಲಿನ ವ್ಯಾಗನ್ನು ಹೊತ್ತಿಗೆ ಸರಿಯಾಗಿ ಬರುವಂತೆ, ಅದನ್ನೆತ್ತಿ ಹಡಗಿನೊಳಕ್ಕೆ ಸುರಿಯುವ ಯಂತ್ರದ ಸರದಿ ಸಿಗುವಂತೆ, ಸುರಿದ ರಾಶಿಯನ್ನು ಹಡಗಿನ ಹೊಟ್ಟೆಯಲ್ಲಿ ಸಲಿಕೆಯಿಂದ ಸಮ ಮಾಡುವ ಟ್ರಿಮರ್ ಎಂಬ ಕೂಲಿಗಳು ಸಿದ್ಧವಿರುವಂತೆ ನೋಡಿಕೊಂಡು ಹಡಗನ್ನು ಉಬ್ಬರದೊಳಗೆ ಹೊರಡಿಸಬಲ್ಲ ದಲಾಲಿಯ ಹೆಸರು ಒಬ್ಬ ಕಪ್ತಾನನಿಂದ ಇನ್ನೊಬ್ಬನ ಬಾಯಿಗೆ ಹೋಗುತ್ತಿತ್ತು. ಇಂಥ ವಿವರ ಬರೆದಾಗ ಮಾತ್ರ ‘ಏಳಿಗೆ’ ಎಂಬ ಮಾತಿಗೆ ಅರ್ಥ ಬರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಆರಂಭದಲ್ಲಿಯೇ ಗಟ್ಟಿ ಮಾಡಿಕೊಳ್ಳಿ. ಹಡಗು ತನ್ನ ಹೊಟ್ಟೆಯಲ್ಲಿ ಹೊತ್ತು ಬೇರೆ ದೇಶದಲ್ಲಿ ಇಳಿಸುವ ಕಲ್ಲಿದ್ದಲು ಸರಕು. ತನ್ನದೇ ಉಗಿಯಂತ್ರಕ್ಕೆ ಉರುವಲಾಗಿ ತುಂಬಿಸಿಕೊಳ್ಳುವ ಕಲ್ಲಿದ್ದಲು ಬಂಕರ್. ಬ್ರಿಟನ್ನಿನ ವ್ಯಾಪಾರದ ಅಂಕಿಅಂಶಗಳಲ್ಲಿ ಇವೆರಡೂ ಬೇರೆ ಬೇರೆ ಲೆಕ್ಕ. ಲಾರಿಯಲ್ಲಿ ಹೇರಿದ ತೊಗರಿಗೂ ಲಾರಿಯ ಟ್ಯಾಂಕಿನ ಡೀಸೆಲ್‌ಗೂ ಇರುವ ವ್ಯತ್ಯಾಸದಂತೆ ಇದು. ಇವನ್ನು ಬೆರೆಸಿದ ಪ್ರಬಂಧದಲ್ಲಿ ಮುಂದಿನ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ಪಟದ ಹಡಗಿಗೆ ಬಂಕರ್ ಬೇಕಿಲ್ಲ, ಉಗಿಹಡಗಿಗೆ ಪ್ರತಿ ಪ್ರಯಾಣಕ್ಕೂ ಬೇಕು. ನಾರ್ವೆಯವರು ಬಹಳ ಕಾಲ ಪಟದ ಹಡಗುಗಳನ್ನೇ ಹೆಚ್ಚಾಗಿ ನಡೆಸಿ ತಡವಾಗಿ ಉಗಿಗೆ ಬದಲಾದವರು. ಹಾಗಿದ್ದರೆ ದಲಾಲಿಯ ಆದಾಯದಲ್ಲಿ ಕಲ್ಲಿದ್ದಲಿನ ಪಾಲು ಯಾವ ವರ್ಷಗಳಿಂದ ಹೆಚ್ಚಿತು ಎಂಬುದು ನಿಮ್ಮ ಪ್ರಬಂಧದ ಒಂದು ಒಳ್ಳೆಯ ಪ್ರಶ್ನೆಯಾಗಬಲ್ಲದು.

ಮನೆಮಂದಿ ಹೇಳಿದ ಮಾತನ್ನು ಅಳೆಯುವುದು

ಹರಾಲ್ಡನ ಬಗ್ಗೆ ಪ್ರಚಾರದಲ್ಲಿರುವ ಮಾತುಗಳಲ್ಲಿ ಹೆಚ್ಚಿನವು ಆತನ ಮಗನ ನೆನಪುಗಳಿಂದ ಬಂದವು. ಮಗ ಹುಟ್ಟಿದ್ದು 1916ರ ಸೆಪ್ಟೆಂಬರಿನಲ್ಲಿ, ತಂದೆ ತೀರಿಕೊಂಡದ್ದು 1920ರಲ್ಲಿ. ಅಂದರೆ ಆಗ ಹುಡುಗನಿಗೆ ಮೂರು ವರ್ಷ. ಆತ ಬರೆದದ್ದು ತಾಯಿಯಿಂದ ಕೇಳಿದ್ದು. ತಾಯಿ ಸೋಫಿ ಹರಾಲ್ಡನ ಎರಡನೆಯ ಹೆಂಡತಿ, ಮದುವೆಯಾದದ್ದು 1911ರಲ್ಲಿ. ಆ ವೇಳೆಗೆ ವ್ಯಾಪಾರ ಕಟ್ಟಿದ ವರ್ಷಗಳೆಲ್ಲ ಕಳೆದಿದ್ದವು. ಆಕೆ ಹೇಳಿದ್ದೂ ಗಂಡನ ಬಾಯಿಂದ ಕೇಳಿದ್ದೇ. ಹೀಗೆ ಒಂದೊಂದು ಹೇಳಿಕೆಯ ಪಕ್ಕದಲ್ಲಿ ಯಾರು ಕಂಡದ್ದು, ಯಾರು ಕೇಳಿದ್ದು, ಎಷ್ಟು ವರ್ಷಗಳ ಮೇಲೆ ಬರೆದದ್ದು ಎಂಬ ಮೂರು ಸಂಗತಿಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಕೇಳಿದ ಮಾತು ಸುಳ್ಳೆಂದು ಇದರ ಅರ್ಥವಲ್ಲ. ಕುಟುಂಬದೊಳಗೆ ಯಾವ ಕಥೆ ಉಳಿಯಿತು ಎಂಬುದು ಸ್ವತಃ ಒಂದು ಚರಿತ್ರೆ. ಆದರೆ ಹಡಗಿನ ಲೆಕ್ಕಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಲಾಗದು.

ಊರಿನ ಹೆಮ್ಮೆಯ ಕಥೆಗಳಿಗೂ ಇದೇ ಎಚ್ಚರ ಬೇಕು. ಕಾರ್ಡಿಫ್‌ನ ಕಲ್ಲಿದ್ದಲು ವಿನಿಮಯ ಕೇಂದ್ರದಲ್ಲಿ ಜಗತ್ತಿನ ಮೊದಲ ಹತ್ತು ಲಕ್ಷ ಪೌಂಡಿನ ಚೆಕ್ಕಿಗೆ ಸಹಿ ಬಿತ್ತು ಎಂದು ಅಲ್ಲಿಯವರು ಹೇಳುತ್ತಾರೆ, ಆದರೆ ಹೇಳುವವರು ಒಬ್ಬೊಬ್ಬರು ಒಂದೊಂದು ಇಸವಿ ಕೊಡುತ್ತಾರೆ. ಇಸವಿ ಅಲುಗಾಡುವ ಕಥೆಯನ್ನು ‘ಹೀಗೆ ಪ್ರತೀತಿಯಿದೆ’ ಎಂದು ಬರೆದು ಮುಂದೆ ಹೋಗಿ. ಅದರ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ.

ಕಾಗದ ಹುಡುಕುವುದು

ಇದಕ್ಕೆ ಕಾರ್ಡಿಫ್‌ಗೆ ಹೋಗಬೇಕಾಗಿಲ್ಲ. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯವು 1919ರವರೆಗಿನ ಹಳೆಯ ಪತ್ರಿಕೆಗಳ ಪುಟಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಟ್ಟಿದೆ. ಕಾರ್ಡಿಫ್‌ನ ದಿನಪತ್ರಿಕೆಗಳಲ್ಲಿ ಹಡಗುಗಳ ಆಗಮನ, ನಿರ್ಗಮನದ ಅಂಕಣ ಇರುತ್ತದೆ. ಒಂದು ವರ್ಷದ ಒಂದೇ ತಿಂಗಳನ್ನು ಆರಿಸಿಕೊಂಡು, ಆ ಅಂಕಣದಲ್ಲಿ ಬರುವ ನಾರ್ವೆಯ ಹಡಗುಗಳನ್ನು ದಿನಾಂಕದೊಂದಿಗೆ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಬೇಸರದ ಕೆಲಸ ನಿಜ. ಆದರೆ ಹದಿನೈದು ದಿನ ಕಳೆದ ಮೇಲೆ ಅದೇ ಹಡಗುಗಳು ಮತ್ತೆ ಕಾಣಿಸಿಕೊಳ್ಳತೊಡಗಿ, ಬಂದರು ಉಸಿರಾಡುವುದು ನಿಮಗೆ ಕೇಳಿಸುತ್ತದೆ. ನನಗೆ ಈ ಕೆಲಸದಲ್ಲಿ ಇದಕ್ಕಿಂತ ಸಂತೋಷ ಕೊಟ್ಟದ್ದು ಬೇರೆ ಇಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯ ಹಾಳೆಗಳು ನೂರು ವರ್ಷ ತುಂಬಿದ ಮೇಲೆ ಓದಲು ಸಿಗುತ್ತವೆ. 1921ರ ಹಾಳೆಗಳು 2022ರಲ್ಲಿ ಹೊರಬಂದವು. 1891ರಿಂದ ಈಚೆಗೆ ಅವುಗಳಲ್ಲಿ ವ್ಯಕ್ತಿ ಮಾಲೀಕನೋ ನೌಕರನೋ ಎಂಬ ಅಂಕಣವೂ ಇದೆ. ಹತ್ತು ವರ್ಷಗಳ ಅಂತರದಲ್ಲಿ ಒಬ್ಬ ಮನುಷ್ಯ ನೌಕರನ ಅಂಕಣದಿಂದ ಮಾಲೀಕನ ಅಂಕಣಕ್ಕೆ ದಾಟಿದ್ದನ್ನು ಕಂಡರೆ ಅದು ನೂರು ಹೊಗಳಿಕೆಯ ಮಾತಿಗಿಂತ ಗಟ್ಟಿಯಾದ ಆಧಾರ. ನಾರ್ವೆಯ ರಾಷ್ಟ್ರೀಯ ದಾಖಲೆಗಳ ಭಂಡಾರವೂ ತನ್ನ ಹಳೆಯ ಜನಗಣತಿಗಳನ್ನು ಉಚಿತವಾಗಿ ತೆರೆದಿಟ್ಟಿರುವುದರಿಂದ ಹೊರಟ ಊರನ್ನೂ ನೋಡಬಹುದು. ಪಾಲುದಾರಿಕೆ ಮುರಿದ ಪ್ರಕಟಣೆಗಳಿಗೆ ಬ್ರಿಟನ್ನಿನ ಸರ್ಕಾರಿ ಪತ್ರಿಕೆಯಾದ ಲಂಡನ್ ಗೆಜೆಟ್ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1858ರಿಂದ ಈಚಿನ ಉಯಿಲುಗಳ ಪಟ್ಟಿ ಒಂದೇ ಕಡೆ ಇದ್ದು, ಸತ್ತವನು ಬಿಟ್ಟುಹೋದ ಆಸ್ತಿಯ ಮೊತ್ತವೂ ಅದರಲ್ಲಿ ನಮೂದಾಗಿರುತ್ತದೆ.

ಹುಡುಕುವಾಗ ಹೆಸರಿನ ಅಕ್ಷರಗಳಲ್ಲಿ ಮೋಸಹೋಗಬೇಡಿ. ನಾರ್ವೆಯವರು ‘ಓ’ ಎಂದು ಉಚ್ಚರಿಸುವ ಒಂದು ಸ್ವರವನ್ನು 1917ರ ಸುಧಾರಣೆಯವರೆಗೆ ಎರಡು ‘ಎ’ ಅಕ್ಷರಗಳಿಂದ ಬರೆಯುತ್ತಿದ್ದರು, ಆಮೇಲೆ ತಲೆಯ ಮೇಲೆ ಸಣ್ಣ ಸುತ್ತಿರುವ ಒಂದೇ ಅಕ್ಷರದಿಂದ ಬರೆದರು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಓಡ್ನೆಸೆನ್ ಎಂಬ ಹೆಸರನ್ನು ನಾಲ್ಕೈದು ಕಾಗುಣಿತಗಳಲ್ಲಿ ಹುಡುಕದೆ ‘ಸಿಗಲಿಲ್ಲ’ ಎಂದು ಬರೆಯಬಾರದು. ನಾರ್ವೆ 1905ರವರೆಗೆ ಸ್ವೀಡನ್ನಿನೊಂದಿಗೆ ಒಬ್ಬನೇ ರಾಜನ ಅಡಿಯಲ್ಲಿತ್ತಾದ್ದರಿಂದ ಹಳೆಯ ಕಾಗದಗಳಲ್ಲಿ ಎರಡು ದೇಶಗಳ ಹೆಸರು ಒಟ್ಟಿಗೆ ಬರುವುದೂ ಉಂಟು.

ಅಳತೆಯ ಮಾತು ಚಿಕ್ಕದಾದರೂ ಬೇಕು. ಬ್ರಿಟನ್ನಿನ ಕಲ್ಲಿದ್ದಲಿನ ಟನ್ 2,240 ಪೌಂಡು ತೂಕದ್ದು, ಅಂದರೆ ಸುಮಾರು 1,016 ಕಿಲೋ. ಹಣದ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಅಂದಿನ ಪೌಂಡನ್ನು ಇಂದಿನ ರೂಪಾಯಿಗೆ ಬದಲಿಸಿ ಓದುಗರನ್ನು ಬೆರಗುಗೊಳಿಸುವ ಆಸೆ ಬಿಡಿ. ಅದರ ಬದಲು ಅದೇ ವರ್ಷ ಗಣಿ ಕಾರ್ಮಿಕನಿಗೆ ವಾರಕ್ಕೆ ಎಷ್ಟು ಕೂಲಿ ಬರುತ್ತಿತ್ತು ಎಂಬುದನ್ನು ಹುಡುಕಿ ಪಕ್ಕದಲ್ಲಿಡಿ.

ಬರೆಯಲು ಕುಳಿತಾಗ

ವ್ಯಾಪಾರದ ಕಥೆಯನ್ನು ಗಣಿಯಿಂದ ಬೇರ್ಪಡಿಸಿ ಬರೆಯುವುದು ಅನ್ಯಾಯ ಎಂದು ನಾನು ನಂಬಿದ್ದೇನೆ. ಕಾರ್ಡಿಫ್ ಮತ್ತು ಬ್ಯಾರಿಯಿಂದ ಅತಿ ಹೆಚ್ಚು ಕಲ್ಲಿದ್ದಲು ಹೊರಟ ಅದೇ 1913ರ ಅಕ್ಟೋಬರ್ 14ರಂದು ಅದೇ ವೇಲ್ಸ್ ಕಣಿವೆಗಳ ಸೆಂಗೆನಿಥ್ ಗಣಿಯಲ್ಲಿ ಸ್ಫೋಟವಾಗಿ 439 ಗಂಡಸರು ಮತ್ತು ಹುಡುಗರು ಸತ್ತರು. ದಂಡೆಯಲ್ಲಿ ಟನ್ನಿಗೆ ಇಷ್ಟೆಂದು ದಲಾಲಿ ಎಣಿಸಿದವರ ಕಥೆಯ ಮಗ್ಗುಲಲ್ಲಿಯೇ ಈ ಸಂಖ್ಯೆ ಬರಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ.

ಇಳಿಮುಖದ ಕಾರಣಗಳನ್ನೂ ಒಂದೊಂದಾಗಿ ಬಿಡಿಸಿ. ನೌಕಾಪಡೆ ಕಲ್ಲಿದ್ದಲಿನಿಂದ ಎಣ್ಣೆಯ ಕಡೆಗೆ ತಿರುಗಿತು, ವ್ಯಾಪಾರದ ಹಡಗುಗಳೂ ಕ್ರಮೇಣ ತಿರುಗಿದವು, ಮಹಾಯುದ್ಧ ಮುಗಿದೊಡನೆ ಏರಿದ ಬೆಲೆ ಸ್ವಲ್ಪ ಕಾಲದಲ್ಲಿಯೇ ಕುಸಿಯಿತು, 1926ರಲ್ಲಿ ಗಣಿಗಳು ತಿಂಗಳುಗಟ್ಟಲೆ ನಿಂತವು, ಕೊನೆಯ ಕಲ್ಲಿದ್ದಲು ಹಡಗು ಕಾರ್ಡಿಫ್ ಬಿಟ್ಟದ್ದು 1964ರಲ್ಲಿ. ಹರಾಲ್ಡ್ ತೀರಿಕೊಂಡದ್ದು ಈ ಕುಸಿತ ಶುರುವಾಗುವ ಹೊಸ್ತಿಲಿನಲ್ಲಿ. ಆತನ ಸಂಪತ್ತಿನ ಬಗ್ಗೆ ಬರೆಯುವವರು ಈ ಕಾಲದ ಲೆಕ್ಕವನ್ನು ಹಾಕದೆ, ಎಲ್ಲವನ್ನೂ ಆತನ ಜಾಣತನಕ್ಕೆ ಸೇರಿಸುವುದು ತಪ್ಪು.

ನಮ್ಮ ಸೀಮೆಗೂ ಇದಕ್ಕೂ ಏನು ಸಂಬಂಧವೆಂದು ಪರೀಕ್ಷಕರು ಕೇಳಿದರೆ ಉತ್ತರ ಸಿದ್ಧವಿರಲಿ. ಸೊಲ್ಲಾಪುರದಿಂದ ಕಲಬುರಗಿ, ವಾಡಿ ಮಾರ್ಗವಾಗಿ ರಾಯಚೂರಿನವರೆಗಿನ ರೈಲುದಾರಿ 1871ರಲ್ಲಿ ತೆರೆಯಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಬಂತು. ಮುಂಬೈ ಕಡೆಯ ರೈಲುಗಳು ಆರಂಭದ ದಶಕಗಳಲ್ಲಿ ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುತ್ತಿದ್ದವು. ಈಗಿನ ತೆಲಂಗಾಣದ ಸಿಂಗರೇಣಿ ಸೀಮೆಯ ಗಣಿಯಿಂದ ಕಲ್ಲಿದ್ದಲು ತೆಗೆಯತೊಡಗಿದ್ದು 1880ರ ದಶಕದ ಕೊನೆಯಲ್ಲಿ. ಹಾಗಿದ್ದರೆ ಅದಕ್ಕೂ ಮೊದಲು ನಮ್ಮ ದಾರಿಯ ರೈಲುಗಳು ಉರಿಸಿದ ಕಲ್ಲಿದ್ದಲು ಯಾವ ಬಂದರಿನಿಂದ ಬಂತು ಎಂಬ ಪ್ರಶ್ನೆಯೇ ನಮ್ಮನ್ನು ಆ ದಂಡೆಗೆ ಕರೆದೊಯ್ಯುತ್ತದೆ.

ಇದೇ ಪ್ರಶ್ನೆಗಳನ್ನು ನಿಮ್ಮ ಊರಿನ ಹಳೆಯ ಅಂಗಡಿಯೊಂದಕ್ಕೆ ಹಾಕಲು ಮನಸ್ಸಾದರೆ, ಅಳತೆಗಳು ಮಾತ್ರ ಬದಲಾಗುತ್ತವೆ. ಹೈದರಾಬಾದ್ ಸಂಸ್ಥಾನದ ಕಾಲದ ಕಾಗದಗಳಲ್ಲಿ ಫಸಲಿ ಎಂಬ ಕಂದಾಯದ ಲೆಕ್ಕದ ವರ್ಷ ಇರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ 590, ಉಳಿದ ತಿಂಗಳಿಗೆ 591 ಕೂಡಿಸಿದರೆ ಆ ಸಂಸ್ಥಾನದ ಕೊನೆಯ ದಶಕಗಳ ಇಸವಿ ಸಿಗುತ್ತದೆ. ಮೊತ್ತ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿದೆಯೋ ಬ್ರಿಟಿಷರ ಭಾರತದ ನಾಣ್ಯವಾದ ಕಲ್ದಾರಿನಲ್ಲಿದೆಯೋ ಎಂದು ನೋಡಿ, ಏಳು ಹಾಲಿಗೆ ಸುಮಾರು ಆರು ಕಲ್ದಾರ್ ರೂಪಾಯಿ ಎಂಬ ಲೆಕ್ಕ ಹಿಡಿಯಿರಿ. ಬರಹ ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ ಇದ್ದರೆ ಓದಬಲ್ಲ ಹಿರಿಯರನ್ನು ಈಗಲೇ ಹುಡುಕಿಕೊಳ್ಳಿ. ನಮ್ಮ ಮನೆಯಲ್ಲಿದ್ದ ಅಡತಿ ಅಂಗಡಿಯ ಲೆಕ್ಕದ ವಹಿಗಳನ್ನು ಓದಬಲ್ಲ ಅಜ್ಜ ಹೋದ ಎರಡೇ ವರ್ಷಕ್ಕೆ ನಾವೇ ರದ್ದಿಗೆ ಹಾಕಿಬಿಟ್ಟೆವು. ಆ ನೋವು ಇಂದಿಗೂ ಇದೆ. ಆದ್ದರಿಂದ ವಹಿ ಕೈಗೆ ಸಿಕ್ಕ ದಿನವೇ ಹಾಳೆಗಳಿಗೆ ಸಂಖ್ಯೆ ಕೊಟ್ಟು ಒಂದೂ ಬಿಡದೆ ಫೋಟೋ ತೆಗೆಯಿರಿ, ಹರಿದಲ್ಲಿ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಮತ್ತು ಮಳೆನೀರು ತಾಗದ ಎತ್ತರದ ಕಪಾಟಿನಲ್ಲಿಟ್ಟು, ಯಾರ ಮನೆಯಿಂದ ಯಾವ ದಿನ ಬಂತು ಎಂಬ ಚೀಟಿಯನ್ನು ಅದರೊಳಗೇ ಇಡಿ.